ಮೂರುಕವಲಿನ ಕೈಪಟ್ಟಿಗಳು

ನಾಚಿಕೆ ಹುಟ್ಟುವುದು ಮನಸ್ಸಿನಲ್ಲಿ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಮೊದಲು ದೇಹದಲ್ಲಿ ಹುಟ್ಟುವುದಾದರೆ? ಮುಖ ಬಿಸಿಯಾಗುವುದು, ಎದೆ ಹಿಡಿದಂತಾಗುವುದು, ಕಣ್ಣು ನೆಲಕ್ಕಿಳಿಯುವುದು ಇವೆಲ್ಲ ಮೊದಲು ನಡೆದು, ಆಮೇಲೆ ಮನಸ್ಸು ‘ನಾನೇನು ತಪ್ಪು ಮಾಡಿದೆ?’ ಎಂದು ಕಾರಣ ಹುಡುಕಿಕೊಳ್ಳುವುದಾದರೆ? ಆಗ ಆ ಬಿಸಿಯನ್ನೂ ಆ ಹಿಡಿತವನ್ನೂ ಹೊರಗಿನಿಂದ ಕೊಟ್ಟು ಮನುಷ್ಯನನ್ನು ನಾಚಿಸಬಹುದಲ್ಲವೇ?

ಮೈಸೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನರವಿಜ್ಞಾನಿಯಾಗಿದ್ದ ಅನಸೂಯ ಈ ಪ್ರಶ್ನೆಯ ಬೆನ್ನು ಹತ್ತಿ ಒಂಬತ್ತು ವರ್ಷ ಕಳೆದಿದ್ದಳು. ಕೊನೆಗೆ ಅವಳ ಮೇಜಿನ ಮೇಲೆ ಬಂದು ಕೂತದ್ದು ಗಡಿಯಾರದ ಪಟ್ಟಿಯಷ್ಟು ಅಗಲದ, ಹಸಿರು ಬಣ್ಣದ ಒಂದು ಕೈಪಟ್ಟಿ. ಮುಂಗೈಯ ಸ್ನಾಯುಗಳ ಸೆಳೆತವನ್ನು ಅದು ಓದುತ್ತಿತ್ತು. ಬೆರಳುಗಳು ಏನನ್ನೋ ಹಿಡಿದಿವೆಯೇ, ಬಿಟ್ಟವೇ, ಮೆಲ್ಲಗೆ ಕೆಳಗಿಟ್ಟವೇ, ಬೀಸಿ ಎಸೆದವೇ ಎಂಬುದೆಲ್ಲ ಅದಕ್ಕೆ ತಿಳಿಯುತ್ತಿತ್ತು. ಎಸೆದದ್ದು ಕಸದ ಡಬ್ಬಿಗಾದರೆ ಸುಮ್ಮನಿರುತ್ತಿತ್ತು. ಪಟ್ಟಿಗೆ ತಿಳಿಯಲೆಂದು ಡಬ್ಬಿಗಳಿಗೆಲ್ಲ ಗುರುತಿನ ಬಿಲ್ಲೆ ಅಂಟಿಸಿದ್ದರು. ಬೇರೆಲ್ಲಾದರೂ ಎಸೆದರೆ ಮಣಿಕಟ್ಟಿನ ನರಕ್ಕೆ ಒಂದು ಸಣ್ಣ ವಿದ್ಯುತ್ ತುಡಿತ ಹೋಗುತ್ತಿತ್ತು. ನೋವಿಲ್ಲ, ಜುಮ್ಮೆನ್ನುವುದೂ ಇಲ್ಲ. ಮುಖ ಬೆಚ್ಚಗಾಗಿ ಎದೆ ಒಂದು ಗಳಿಗೆ ಬಿಗಿಯುತ್ತಿತ್ತು, ಅಷ್ಟೆ. ಮತ್ತೆ ಮತ್ತೆ ಎಸೆದರೆ ತುಡಿತ ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೇರುತ್ತಿತ್ತು.

ಅದನ್ನು ಮೊದಲು ಕಟ್ಟಿಕೊಂಡವನು ಅವಳ ಗಂಡ ದಿವಾಕರ, ಪಿಯು ಕಾಲೇಜಿನ ಗಣಿತದ ಉಪನ್ಯಾಸಕ. ಮನೆಯ ಹಿತ್ತಲಲ್ಲಿ ನಿಂತು ಕಿತ್ತಳೆ ಸುಲಿದು ಸಿಪ್ಪೆಯನ್ನು ಬಾಳೆಗಿಡದ ಬುಡಕ್ಕೆ ಎಸೆದ. ಅವನ ಕಿವಿ ಕೆಂಪಾದದ್ದು ಅನಸೂಯಳಿಗೆ ಕಂಡಿತು.

“ಏನನ್ನಿಸ್ತು? ಬೇಗ ಹೇಳಿ.”

“ಸಿಪ್ಪೆ ಎಸೆದದ್ದಕ್ಕೆ ಏನೂ ಅನ್ನಿಸಲಿಲ್ಲ ಕಣೇ. ಯಾಕೋ ನಮ್ಮ ನಂಜುಂಡ ಮೇಷ್ಟ್ರು ನೆನಪಾದ್ರು. ಅವರು ಆಸ್ಪತ್ರೇಲಿದ್ದಾಗ ನಾನು ನೋಡೋಕೆ ಹೋಗಲೇ ಇಲ್ಲವಲ್ಲ.”

ಅನಸೂಯ ನಕ್ಕಳು. ಟಿಪ್ಪಣಿ ಪುಸ್ತಕದಲ್ಲಿ ‘ಇತರೆ’ ಎಂಬ ಕಾಲಂನ ಕೆಳಗೆ ಅದನ್ನು ಬರೆದಿಟ್ಟು ಮುಂದಿನ ಪ್ರಯೋಗಕ್ಕೆ ಹೋದಳು.

ಪಟ್ಟಿಯ ದೊಡ್ಡ ಪರೀಕ್ಷೆ ನಡೆದದ್ದು ಮೂರುಕವಲು ನದಿಧಾಮದಲ್ಲಿ. ಹೊಳೆ ಅಲ್ಲಿ ಮೂರಾಗಿ ಒಡೆದು, ಬಂಡೆಗಳ ನಡುವೆ ಹರಿದು, ಅರ್ಧ ಮೈಲಿ ಕೆಳಗೆ ಮತ್ತೆ ಒಂದಾಗುತ್ತಿತ್ತು. ದಡದುದ್ದಕ್ಕೂ ಹೊಳೆಮತ್ತಿ ಮರಗಳು, ಮರಳದಿಣ್ಣೆಗಳ ಮೇಲೆ ನೀರುನಾಯಿಗಳ ಹೆಜ್ಜೆ. ಭಾನುವಾರ ಬಂತೆಂದರೆ ನಾಲ್ಕೈದು ಸಾವಿರ ಜನ. ಸಂಜೆಯ ಹೊತ್ತಿಗೆ ನಲವತ್ತು ಗೋಣಿಚೀಲ ಕಸ. ಫಲಕ ಹಾಕಿದ್ದರು, ದಂಡ ಹಾಕಿದ್ದರು, ಬಂಡೆಗಳ ಮೇಲೆ ಬಣ್ಣದಲ್ಲಿ ಬುದ್ಧಿಮಾತು ಬರೆಸಿದ್ದರು. ಆ ಬುದ್ಧಿಮಾತಿನ ಕೆಳಗೇ ಚಿಪ್ಸ್ ಪೊಟ್ಟಣಗಳು ಬಿದ್ದಿರುತ್ತಿದ್ದವು.

ಧಾಮದ ಮುಖ್ಯಾಧಿಕಾರಿ ಬೆಳ್ಳಿಯಪ್ಪ ಕೊಡಗಿನವರು, ಮಾತು ಕಡಿಮೆ. ಅನಸೂಯ ತೋರಿಸಿದ್ದನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: “ಜನರಿಗೆ ಏನಂತ ಹೇಳೋದು?”

“ಪೂರ್ತಿ ಹೇಳಿದ್ರೆ ಪರಿಣಾಮ ಅರ್ಧಕ್ಕೆ ಇಳಿಯುತ್ತೆ ಸರ್,” ಎಂದಳು ಅನಸೂಯ. “ಇದು ಯಂತ್ರ ಕೊಟ್ಟ ನಾಚಿಕೆ ಅಂತ ಗೊತ್ತಾದ್ರೆ ಮನಸ್ಸು ಅದನ್ನ ಒಪ್ಪೋದಿಲ್ಲ.”

ಹಾಗಾಗಿ ಗೇಟಿನ ಬಳಿ ಹಾಕಿದ ಫಲಕದಲ್ಲಿ ‘ಈ ಪಟ್ಟಿ ನಿಮಗೆ ಸ್ವಚ್ಛತೆಯನ್ನು ನೆನಪಿಸುತ್ತದೆ’ ಎಂದಷ್ಟೇ ಬರೆಸಿದರು. ಹೇಗೆ ನೆನಪಿಸುತ್ತದೆ ಎಂದು ಯಾರೂ ಕೇಳಲಿಲ್ಲ. ಜನ ಟಿಕೆಟ್ಟಿನ ಜೊತೆ ಪಟ್ಟಿ ಇಸಿದುಕೊಂಡು ಕಟ್ಟಿಕೊಂಡರು, ಹೋಗುವಾಗ ಬಿಚ್ಚಿ ಕೊಟ್ಟರು.

ಆರು ತಿಂಗಳಲ್ಲಿ ಮೂರುಕವಲು ಬೇರೆಯೇ ಊರಾಯಿತು. ಭಾನುವಾರದ ನಲವತ್ತು ಚೀಲ ಒಂದು ಬುಟ್ಟಿಗೆ ಇಳಿಯಿತು. ಬಿಳಿ ಬೆಣಚುಗಲ್ಲಿನ ಮೇಲೆ ನೀರು ಹರಿಯುವುದು ಹಳಬರಿಗೂ ಹೊಸದಾಗಿ ಕಂಡಿತು. ಪಟ್ಟಿಯನ್ನು ಮೋಸಗೊಳಿಸುವ ದಾರಿ ಕಂಡುಕೊಂಡವರೂ ಇದ್ದರು. ಕೆಲವರು ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಉಗುಳುತ್ತಿದ್ದರು. ಕಾಲೇಜು ಹುಡುಗರು ಯಾರ ಮುಖ ಹೆಚ್ಚು ಕೆಂಪಾಗುತ್ತದೆಂದು ಪಂಥ ಕಟ್ಟಿ ಕಡಲೆಕಾಯಿ ಸಿಪ್ಪೆ ಎಸೆಯುತ್ತಿದ್ದರು. ಆದರೆ ಬಹಳಷ್ಟು ಜನ ಸುಮ್ಮನೆ ನಡೆದಾಡಿ, ಬಂದಾಗಿನದಕ್ಕಿಂತ ಕೊಂಚ ತಗ್ಗಿದ ದನಿಯಲ್ಲಿ ಮಾತಾಡುತ್ತ ಹೊರಗೆ ಹೋಗುತ್ತಿದ್ದರು. ನಿಸರ್ಗ ಕೊಟ್ಟ ಸಮಾಧಾನ ಅದು ಎಂದು ವರದಿಯಲ್ಲಿ ಬರೆಯಲಾಯಿತು. ರಾಜ್ಯದ ಇನ್ನೂ ಮೂವತ್ತೊಂದು ಧಾಮಗಳಿಗೆ ಪಟ್ಟಿ ಕೊಡುವ ಕಡತ ಸಿದ್ಧವಾಗಿ, ಬೆಳ್ಳಿಯಪ್ಪನವರ ಶಿಫಾರಸಿಗೆ ಕಾದಿತ್ತು.

ಅಂಥ ದಿನಗಳಲ್ಲೊಮ್ಮೆ ಅನಸೂಯ ಧಾಮದ ನಿಯಂತ್ರಣ ಕೊಠಡಿಗೆ ಬಂದಾಗ ಕೆಂಪರಾಜು ಎದ್ದು ನಿಂತ. ಇಪ್ಪತ್ತೆರಡು ವರ್ಷ ಹೊಳೆದಂಡೆಯ ಕಾವಲುಗಾರನಾಗಿದ್ದವನು, ಈಗ ತರಬೇತಿ ಪಡೆದು ಪರದೆಗಳ ಮುಂದೆ ಕೂರುತ್ತಿದ್ದ.

“ಮೇಡಂ, ಇದ ಒಂದ್ಗಳ್ಗೆ ನೋಡ್ಬುಡಿ.”

ಪರದೆಯ ಮೇಲೆ ಹಿಂದಿನ ವಾರದ ಗುರುವಾರ ಬೆಳಗಿನ ದಾಖಲೆ ಇತ್ತು. ಒಂದೇ ಕೈಪಟ್ಟಿಯಿಂದ ನಾಲ್ಕು ನಿಮಿಷದಲ್ಲಿ ಒಂಬತ್ತು ಎಸೆತ. ತುಡಿತ ಒಂದೊಂದೇ ಮೆಟ್ಟಿಲು ಏರಿ ಒಂಬತ್ತನೆಯದಕ್ಕೆ ತುತ್ತತುದಿ ಮುಟ್ಟಿತ್ತು. ಕೊನೆಯ ಕಾಲಂನಲ್ಲಿ ಗಣಕಯಂತ್ರ ತಾನಾಗಿ ಬರೆದುಕೊಂಡಿತ್ತು: ‘ವರ್ತನೆ ನಿಂತಿತು. ಯಶಸ್ವಿ.’

“ಒಂಬತ್ತನೇ ಮಟ್ಟಕ್ಕೆ ಇದುವರೆಗೂ ಯಾರೂ ಹೋಗಿಲ್ಲ,” ಎಂದಳು ಅನಸೂಯ. “ಯಾರಿದು? ಅಷ್ಟೊಂದು ಏನು ಎಸೆದ್ರು?”

ಕೆಂಪರಾಜು ಕ್ಯಾಮೆರಾದ ಚಿತ್ರ ಹಾಕಿದ. ಹೊಳೆಮತ್ತಿ ಮರದ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ, ಅರವತ್ತೈದು ದಾಟಿದ ಹೆಂಗಸೊಬ್ಬಳು ಮಣ್ಣಿನ ಕುಡಿಕೆ ಹಿಡಿದು ನಿಂತಿದ್ದಳು. ದಡದಲ್ಲಿ ಮಗಳಂತಿದ್ದವಳು ಕೈಮುಗಿದು ನಿಂತಿದ್ದಳು. ಹೆಂಗಸು ಕುಡಿಕೆಯೊಳಗೆ ಕೈಹಾಕಿ, ಒಂದು ಹಿಡಿ ಬೂದಿ ತೆಗೆದು, ಮೆಲ್ಲಗೆ ಬೀಸಿ ಹರಿಯುವ ನೀರಿಗೆ ಬಿಟ್ಟಳು. ಆಮೇಲೆ ಇನ್ನೊಂದು ಹಿಡಿ. ನಾಲ್ಕನೆಯ ಹಿಡಿಗೆ ಅವಳು ಸುತ್ತ ನೋಡಿದಳು. ಏಳನೆಯದಕ್ಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಒಂಬತ್ತನೆಯದಾದ ಮೇಲೆ ನೀರಿನಲ್ಲೇ ಕುಸಿದು ಕೂತಳು. ಮಗಳು ಓಡಿಬಂದು ಎಬ್ಬಿಸಿದಳು. ಇಬ್ಬರೂ ದಡ ಹತ್ತಿ ಹೋಗುವಾಗ ಕುಡಿಕೆ ಇನ್ನೂ ಹೆಂಗಸಿನ ಎದೆಗೆ ಒತ್ತಿಕೊಂಡೇ ಇತ್ತು.

“ಚಿಕ್ಕತಾಯಮ್ಮ ಅಂತ,” ಎಂದ ಕೆಂಪರಾಜು. “ನಮ್ಮೂರ್ಗೆ ಪಕ್ಕದ ಹೊಳೆಹುಂಡಿಯೋರು. ಗಂಡ ಸಣ್ಣರಂಗಯ್ಯ ಅಂತ, ಈ ಧಾಮ ಆಗೋಕ್ಮುಂಚೆ ಇದೇ ಜಾಗದಲ್ಲಿ ಹರಿಗೋಲು ಹಾಕ್ತಿದ್ದೋನು. ನನ್ನ ಬೂದಿನ ಅಲ್ಲೇ ಬುಡಿ ಅಂದಿದ್ನಂತೆ. ಗಂಡುಮಕ್ಕಳಿಲ್ಲ. ಆಯಮ್ಮ ನಾನೇ ಬುಡ್ತೀನಿ ಅಂತ ಹಟ ಹಿಡ್ದು ಬಂದವ್ಳೆ.”

“ಈಗ ಹೇಗಿದಾರೆ?”

“ಅವತ್ತಿಂದ ನೆಟ್ಟಗೆ ಉಣ್ತಿಲ್ವಂತೆ ಮೇಡಂ. ನನ್ನ ಗಂಡ ನನ್ನ ಕೈಯಿಂದ ಇಸ್ಕಳ್ಳಿಲ್ಲ ಅಂತವ ಕೂತವ್ಳಂತೆ.”

ಅನಸೂಯ ಚಿತ್ರವನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ಮೂರನೆಯ ಸಲ ಹಾಕಿಸಲು ಮನಸ್ಸಾಗಲಿಲ್ಲ.

ಸಂಜೆ ಮನೆಯಲ್ಲಿ ದಿವಾಕರ ಅವರೆಕಾಳು ಹಿತುಕುತ್ತ ಕೂತಿದ್ದ. ಅವಳೂ ಎದುರಿಗೆ ಕೂತು ಕೈ ಹಾಕಿದಳು. ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಕಾಳು ಹಿತುಕಿದರು.

“ನನಗೆ ಮೇಷ್ಟ್ರು ನೆನಪಾದ್ರು ಅಂತ ಅವತ್ತೇ ಹೇಳಿದ್ನಲ್ಲ,” ಎಂದ ದಿವಾಕರ.

“ಹೇಳಿದ್ರಿ. ನಾನು ‘ಇತರೆ’ ಅಂತ ಬರೆದೆ.” ಅವಳ ದನಿ ಸಣ್ಣದಾಯಿತು. “ಯಂತ್ರ ಬರೀ ಬಿಸಿ ಕೊಡುತ್ತೆ. ಕಾರಣ ಹುಡುಕೋದು ಮನಸ್ಸು. ಹತ್ತಿರದಲ್ಲಿ ಚಿಪ್ಸ್ ಪೊಟ್ಟಣ ಇದ್ರೆ ಅದೇ ಕಾರಣ ಅಂದ್ಕೊಳ್ಳುತ್ತೆ. ಅದಕ್ಕಿಂತ ದೊಡ್ಡದೇನಾದ್ರೂ ಒಳಗೆ ಕೂತಿದ್ರೆ ಅದನ್ನ ಎಳ್ಕೊಂಡು ಬರುತ್ತೆ. ಆ ಹೆಂಗಸಿನ ಮನಸ್ಸು ಏನು ಎಳ್ಕೊಂಡು ಬಂತೋ.”

“ಹೋಗಿ ಕೇಳು.”

“ಏನಂತ ಹೋಗ್ಲಿ?”

“ನಾನು ಮಾಡಿದ್ದು ಅಂತ ಹೋಗು,” ಎಂದ ದಿವಾಕರ, ತಲೆಯೆತ್ತದೆ.

ಮರುದಿನ ಬೆಳಿಗ್ಗೆ ಕೆಂಪರಾಜುವಿನ ಬೈಕಿನ ಹಿಂದೆ ಕೂತು ಅನಸೂಯ ಹೊಳೆಹುಂಡಿಗೆ ಹೋದಳು. ಕೈಚೀಲದಲ್ಲಿ ಒಂದು ಹಸಿರು ಪಟ್ಟಿ ಇತ್ತು. ಧಾಮದ ಗೇಟು ದಾಟಿದ ಕೂಡಲೇ ರಸ್ತೆಯ ಎರಡೂ ಬದಿ ಬಾಟಲಿ, ತಟ್ಟೆ, ಪೊಟ್ಟಣ. ಇಷ್ಟು ದಿನ ಕಾರಿನ ಗಾಜಿನೊಳಗಿಂದ ಅವಳು ಅದನ್ನು ಗಮನಿಸಿರಲಿಲ್ಲ.

“ಇದು ಮೊದಲೂ ಹೀಗೇ ಇತ್ತಾ ಕೆಂಪರಾಜು?”

“ಎಲ್ಬಂತು ಮೇಡಂ. ಪಟ್ಟಿ ಬಂದ್ಮೇಲೆ ಸುರುವಾಗಿದ್ದು. ಗೇಟಲ್ಲಿ ಪಟ್ಟಿ ಬಿಚ್ಚಿ ಕೊಡ್ತಾರೆ, ಗಾಡಿ ಹತ್ತುತಾರೆ, ತೂರ್ತಾರೆ. ಹೊಳೆ ಕಸವೆಲ್ಲ ಈಗ ನಮ್ಮೂರ್ಗೆ ಬಂದದೆ. ಹೇಳವಾ ಅಂತಿದ್ದೆ, ಕೇಳೋರ್ಯಾರು ಅಂತ ಸುಮ್ಕಿದ್ದೆ.”

ಚಿಕ್ಕತಾಯಮ್ಮನ ಮನೆ ಊರಿನ ಕೊನೆಯಲ್ಲಿತ್ತು. ಜಗಲಿಯ ಮೇಲೆ ಮಗಳು ಭಾಗ್ಯ ಕಾಲು ಚಾಚಿ ಕೂತಿದ್ದವಳು ಎದ್ದಳು. ಬಸ್ ಕಂಡಕ್ಟರ್ ಕೆಲಸ ಅವಳದು. ತಾಯಿಯ ಸಲುವಾಗಿ ರಜೆ ಹಾಕಿದ್ದಳು. ಅನಸೂಯ ತಾನು ಯಾರೆಂದು ಹೇಳಿದಳು. ಪಟ್ಟಿಯೊಳಗೆ ಏನಿದೆ, ಅಂದು ನೀರಿನಲ್ಲಿ ಏನಾಯಿತು ಎಂಬುದನ್ನೂ ಬಿಡಿಸಿ ಹೇಳಿದಳು. ಭಾಗ್ಯಳ ಮುಖ ಕೆಂಪಾಗುತ್ತ ಬಂತು, ಯಾವ ಪಟ್ಟಿಯೂ ಇಲ್ಲದೆ.

“ಅಂದ್ರೆ ಗೊತ್ತಿದ್ದೂ ಗೇಟಿನ ಬೋರ್ಡಲ್ಲಿ ಬರ್ದಿಲ್ವಾ ನೀವು? ನಮ್ಮವ್ವ ಹತ್ತು ದಿನದಿಂದ ಗೋಡೆ ನೋಡ್ಕಂಡು ಕೂತವ್ಳೆ. ಓದಿರೋರು ಮಾಡೋ ಕೆಲ್ಸನಾ ಇದು?”

“ಅಲ್ಲ,” ಎಂದಳು ಅನಸೂಯ. “ಬರೆಸಬೇಡಿ ಅಂದದ್ದು ನಾನೇ. ತಪ್ಪು ನನ್ನದು.”

ಒಳಗಿನಿಂದ ದನಿ ಬಂತು. “ಯಾರವ್ವ ಅದು, ಭಾಗ್ಯ? ಬಂದೋರ್ನ ನಿಂದ್ರಿಸ್ಕಂಡು ಜಗಳಾಡ್ಬ್ಯಾಡ. ಕರಿ ಒಳಕ್ಕೆ.”

ಚಿಕ್ಕತಾಯಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಮೂಲೆಯಲ್ಲಿ ಕುಡಿಕೆಗೆ ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದರು. ಅನಸೂಯ ನೆಲದ ಮೇಲೆ ಕೂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮುದುಕಿ ಕೇಳಿಸಿಕೊಂಡು ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.

“ನೀವು ಒಳ್ಳೆ ಮನಸಿಂದ ಬಂದಿದ್ದೀರಿ ಕನವ್ವ. ಆದ್ರೆ ಅದು ಮಿಷಿನ್ನಿಂದಲ್ಲ. ನನ್ನೊಳಗಿಂದ ಬಂತು. ನಂಗೊತ್ತಿಲ್ವಾ?” ಅವಳು ಕುಡಿಕೆಯ ಕಡೆ ನೋಡಿದಳು. “ಸಾಯೋ ಹಿಂದ್ಲ ದಿನ ಅವ್ರು ಮೀನ್ಸಾರು ಕೇಳುದ್ರು. ಹುಳಿ ಜಾಸ್ತಿ ಹಾಕಿ ಮಾಡು ಅಂದ್ರು. ಡಾಕ್ಟ್ರು ಬ್ಯಾಡ ಅಂದವ್ರೆ, ಸುಮ್ಕೆ ಗಂಜಿ ಕುಡೀರಿ ಅಂತ ಗದರ್ಬುಟ್ಟೆ. ಗೋಡೆ ಕಡೆ ತಿರಿಕಂಡ್ರು. ಅವತ್ತು ನೀರಲ್ಲಿ ನಿಂತು ಒಂದೊಂದು ಹಿಡಿ ಬುಡೋವಾಗ್ಲೂ ಅದೇ ಮುಂದಕ್ಕೆ ಬಂತು. ಕೇಳಿದ್ದು ಕೊಡ್ದೆ ಕಳಿಸ್ದೋಳು, ಈಗ ಯಾವ ಮೊಖ ಇಟ್ಕಂಡು ಬುಡ್ತೀಯೆ ಅಂತ ಅವ್ರೇ ಅಂದಂಗಾಯ್ತು.”

ಅನಸೂಯಳಿಗೆ ನರ, ಸ್ನಾಯು, ತುಡಿತ ಎಂದು ತಾನು ವಿವರಿಸಿದ್ದೆಲ್ಲ ಈ ನಡುಮನೆಯಲ್ಲಿ ತೀರ ಹಗುರ ಎನಿಸಿತು. ಹೊರಗೆ ಕೋಳಿಗಳು ಕೊಕ್ಕೊಕ್ಕೆಂದು ಜಗಲಿಯ ಬಳಿ ಸೇರಿದ್ದವು.

“ಇವಕ್ಕೆ ಕಾಳು ಹಾಕೋರು ಯಾರು ಅಮ್ಮ?” ಎಂದು ಕೇಳಿದಳು.

“ನಾನೇ ಹಾಕ್ತಿದ್ದೆ. ಈಗ ಭಾಗ್ಯ ಹಾಕ್ತಾಳೆ.”

“ಇವತ್ತು ನೀವು ಹಾಕ್ತೀರಾ? ಇದನ್ನ ಕಟ್ಕೊಂಡು.” ಅವಳು ಚೀಲದಿಂದ ಪಟ್ಟಿ ತೆಗೆದಳು. “ಬೇಡ ಅನ್ನಿಸಿದ ತಕ್ಷಣ ಬಿಚ್ಚಿಬಿಡಿ.”

ಭಾಗ್ಯ ಅಡ್ಡ ಬಂದಳು. ಚಿಕ್ಕತಾಯಮ್ಮ ಪಟ್ಟಿಯನ್ನೇ ನೋಡುತ್ತಿದ್ದು, ಆಮೇಲೆ ತಾನಾಗಿ ಕೈ ಚಾಚಿದಳು.

ಮೂವರೂ ಅಂಗಳಕ್ಕೆ ಬಂದರು. ಕೆಂಪರಾಜು ಬೈಕಿನ ಬಳಿ ನಿಂತೇ ನೋಡುತ್ತಿದ್ದ. ಮುದುಕಿ ಮೊರದಿಂದ ಒಂದು ಹಿಡಿ ಅಕ್ಕಿನುಚ್ಚು ತೆಗೆದು ಬೀಸಿ ಚೆಲ್ಲಿದಳು. ಕೋಳಿಗಳು ಮುಗಿಬಿದ್ದವು. ಅವಳ ಕೈ ಹಾಗೇ ನಿಂತಿತು. ಇನ್ನೊಂದು ಹಿಡಿ ಚೆಲ್ಲಿದಳು. ಮೂರನೆಯದು. ನಾಲ್ಕನೆಯದಕ್ಕೆ ಕೆನ್ನೆ ಮುಟ್ಟಿಕೊಂಡು ಮಗಳ ಕಡೆ ತಿರುಗಿದಳು.

“ಭಾಗ್ಯ, ಬಿಸಿಯಾಯ್ತದೆ ಕಣೆ. ಅವತ್ತಿನಂಗೇ. ಎದೆ ಹಿಡಿತದೆ.”

“ಬಿಚ್ಚವ್ವ ಅದ.”

“ತಡಿ.” ಐದನೆಯ ಹಿಡಿ ಚೆಲ್ಲಿದಳು. ಹುಂಜ ಒಂದು ಅವಳ ಕಾಲ ಬಳಿಯೇ ಬಂದು ಕತ್ತು ಓರೆ ಮಾಡಿ ನೋಡಿತು. ಮುದುಕಿಯ ಮುಖ ಕೆಂಪೇರಿತ್ತು, ಕಣ್ಣಿನಲ್ಲಿ ನೀರಿತ್ತು, ಬಾಯಿ ಮಾತ್ರ ಸಡಿಲವಾಗಿ ನಗು ಬಂದುಬಿಟ್ಟಿತು. “ಅಯ್ಯೋ ನಿನ್ನ! ಕೋಳಿಗೆ ನುಚ್ಚು ಹಾಕಕ್ಕೂ ನಾಚ್ಕೆನಾ? ಮದ್ವೆಯಾದಾಗಿಂದ ಹಾಕ್ತಿವ್ನಿ, ಒಂದಿನಾನೂ ನಾಚ್ಕಂಡೋಳಲ್ಲ!”

ಭಾಗ್ಯಳೂ ನಕ್ಕಳು, ಸಿಟ್ಟು ಇನ್ನೂ ಮುಖದ ಮೇಲಿದ್ದಂತೆಯೇ. ಮುದುಕಿ ಪಟ್ಟಿ ಬಿಚ್ಚಿ ಅನಸೂಯಳ ಕೈಗಿಟ್ಟು, ಬರಿಗೈಯಲ್ಲಿ ಉಳಿದ ನುಚ್ಚನ್ನೆಲ್ಲ ಹಿಡಿಹಿಡಿಯಾಗಿ ಚೆಲ್ಲಿದಳು. ಪ್ರತಿ ಹಿಡಿಯ ನಂತರವೂ ಏನಾದರೂ ಬರುತ್ತದೆಯೇ ಎಂದು ಒಂದು ಗಳಿಗೆ ಕಾಯುತ್ತಿದ್ದಳು. ಬರಲಿಲ್ಲ.

ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗ ಅವಳು ಹೇಳಿದಳು: “ಮೀನ್ಸಾರಿನ ಸಂಕಟ ನಂದೇ ಕನವ್ವ. ಅದ ನಿಮ್ಮ ಮಿಷಿನ್ನು ತಂದಿದ್ದಲ್ಲ, ನೀವು ತಗಂಡೋಗಕ್ಕೂ ಆಗಕಿಲ್ಲ. ಅದಿರ್ಲಿ ನನ್ತಾವೇ. ಆದ್ರೆ ಅವ್ರು ಬ್ಯಾಡ ಅನ್ನಿಲ್ಲ ಅಲ್ವಾ? ಅಷ್ಟು ಗೊತ್ತಾಯ್ತಲ್ಲ.”

“ಅವರು ಬೇಡ ಅನ್ನಲಿಲ್ಲ ಅಮ್ಮ,” ಎಂದಳು ಅನಸೂಯ. “ಅದು ನಾನು ಅಂದದ್ದು.”

ಎರಡು ದಿನದ ನಂತರ ಬೆಳ್ಳಿಯಪ್ಪನವರ ಕೋಣೆಯಲ್ಲಿ ಅನಸೂಯ ಎಲ್ಲವನ್ನೂ ಹೇಳಿ, ಪಟ್ಟಿಗಳನ್ನು ನಿಲ್ಲಿಸಬೇಕೆಂದಳು. ಅವರು ಕಿಟಕಿಯಿಂದ ಹೊಳೆ ನೋಡುತ್ತ ಕೇಳಿಸಿಕೊಂಡರು.

“ಆ ಅಮ್ಮನಿಗಾದದ್ದು ಕೆಟ್ಟದ್ದು. ನಾನೇ ಹೋಗಿ ಕ್ಷಮೆ ಕೇಳ್ತೇನೆ. ಬೂದಿ ಬಿಡೋಕೆ ಬಂದವರಿಗೆ ಪಟ್ಟಿ ಬೇಡ ಅಂತ ನಿಯಮ ಮಾಡೋಣ. ಅಷ್ಟಕ್ಕೆ ಎಲ್ಲಾ ತೆಗೀಬೇಕಾ?”

“ಬೂದಿ ಬಿಡುವವರು ಕ್ಯಾಮೆರಾದಲ್ಲಿ ಕಾಣ್ತಾರೆ ಸರ್. ಚಿಪ್ಸ್ ಪೊಟ್ಟಣ ಎಸೆದು, ಇನ್ಯಾವುದೋ ಹಳೇದನ್ನ ನೆನೆಸ್ಕೊಂಡು ಮನೆಗೆ ಹೋದವರು ಎಷ್ಟು ಜನ ಅಂತ ನಮಗೆ ಗೊತ್ತಿಲ್ಲ. ಒಬ್ಬ ಪೊಟ್ಟಣ ಎಸೆದ ಅಂತ ಅವನ ಜೀವನದ ನೋವನ್ನೆಲ್ಲ ಕೆದಕೋ ಹಕ್ಕು ನಮಗೆ ಯಾರು ಕೊಟ್ಟರು?”

ಬೆಳ್ಳಿಯಪ್ಪ ಮೇಜಿನ ಸೆಳೆಖಾನೆ ಎಳೆದು ಒಂದು ಫೋಟೋ ಅವಳ ಮುಂದಿಟ್ಟರು. ಮರಳಿನ ಮೇಲೆ ಸತ್ತುಬಿದ್ದ ಹೆಣ್ಣು ನೀರುನಾಯಿ, ಕುತ್ತಿಗೆಯಲ್ಲಿ ಡಬ್ಬಿಯೊಂದರ ಪ್ಲಾಸ್ಟಿಕ್ ಬಳೆ, ಬಳೆಯ ಸುತ್ತ ಹಸಿ ಗಾಯ.

“ಮೂರು ಮರಿ ಇತ್ತು ಇದಕ್ಕೆ. ಒಂದೂ ಉಳೀಲಿಲ್ಲ. ಪಟ್ಟಿ ತೆಗೆದ್ರೆ ಮುಂದಿನ ಭಾನುವಾರ ನಲವತ್ತು ಚೀಲ ಮತ್ತೆ ಬರುತ್ತೆ. ಇದಕ್ಕೆ ನಾನು ಏನು ಹೇಳ್ಲಿ, ನೀವೇ ಹೇಳಿ.”

ಅನಸೂಯ ಫೋಟೋವನ್ನು ಕೈಗೆತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ಕೆಂಪರಾಜು ಕೆಮ್ಮಿದ.

“ಸಾರ್, ಒಂದ್ಮಾತು. ಜೂನ್ ತಿಂಗಳಲ್ಲಿ ಸಿಡ್ಲು ಬಡ್ದು ಚಾರ್ಜು ಹಾಕೋ ಹಲಗೆ ಒಂದ್ಸಾಲು ಸುಟ್ಟೋಗಿತ್ತಲ್ಲ. ರಿಪೇರಿಯೋರು ಬರಕ್ಕೆ ಹತ್ತೊಂಬತ್ತು ದಿನ ಆಯ್ತು. ಆ ಸಾಲಿನ ಪಟ್ಟಿ ಸತ್ತಿದ್ವು. ಗೇಟಲ್ಲಿ ಕೊರತೆ ಬೀಳ್ತದೆ ಅಂತ ಅವನ್ನೂ ಜನಕ್ಕೆ ಕೊಟ್ಬುಟ್ಟಿದ್ದೋ. ಬೈಬ್ಯಾಡಿ.”

ಅನಸೂಯ ಎದ್ದೇಬಿಟ್ಟಳು. ಒಂದು ಪಟ್ಟಿ ಯಾರ ಕೈಯಲ್ಲಿತ್ತು ಎಂಬುದು ಟಿಕೆಟ್ಟಿನಲ್ಲೇ ದಾಖಲಾಗುತ್ತಿತ್ತು. ಯಾರು ಎಲ್ಲಿ ಏನು ಎಸೆದರೆಂದು ಕ್ಯಾಮೆರಾಗಳು ಎಣಿಸುತ್ತಿದ್ದವು. ಆ ಹತ್ತೊಂಬತ್ತು ದಿನ ಸತ್ತ ಪಟ್ಟಿ ಕಟ್ಟಿಕೊಂಡು ಒಳಗೆ ಹೋದವರು ಮೂರು ಸಾವಿರಕ್ಕೂ ಹೆಚ್ಚು ಜನ. ಅವರ ಲೆಕ್ಕ ತೆಗೆಯಲು ಅವಳಿಗೂ ಕೆಂಪರಾಜುವಿಗೂ ಒಂದು ವಾರ ಹಿಡಿಯಿತು. ಪಟ್ಟಿ ಬರುವ ಮೊದಲು ಸಾವಿರ ಜನಕ್ಕೆ ಆರುನೂರು ಮಂದಿ ಏನಾದರೊಂದು ಎಸೆಯುತ್ತಿದ್ದರು. ಜೀವವಿದ್ದ ಪಟ್ಟಿಯವರಲ್ಲಿ ಎಸೆದು ಹಾಗೇ ಬಿಟ್ಟುಹೋದವರು ಸಾವಿರಕ್ಕೆ ನಾಲ್ವರು. ಸತ್ತ ಪಟ್ಟಿಯವರಲ್ಲಿ ಇಪ್ಪತ್ತೇಳು.

ಯಾವ ತುಡಿತವೂ ಇಲ್ಲದೆ ಸಾವಿರಕ್ಕೆ ಒಂಬೈನೂರ ಎಪ್ಪತ್ತಮೂರು ಜನ ಕಸ ಎಸೆಯದೆ ಹೋಗಿದ್ದರು. ಯಾಕೆ?

ಅನಸೂಯ ಅವರನ್ನೇ ಕೇಳಲು ಹೊರಟಳು. ಟಿಕೆಟ್ಟಿನ ನಂಬರ್ ಹಿಡಿದು ದಿನಕ್ಕೆ ಮೂವತ್ತು ಜನರಿಗೆ ಫೋನು ಮಾಡಿದಳು. ಪಟ್ಟಿಯ ನಿಜವನ್ನು ಮೊದಲು ಹೇಳಿ, ಬೈಸಿಕೊಂಡು, ಆಮೇಲೆ ಪ್ರಶ್ನೆ ಕೇಳುತ್ತಿದ್ದಳು. ಕೆಲವರು ಅರ್ಧಕ್ಕೇ ಫೋನು ಇಟ್ಟರು. ಕಾಲುಭಾಗದಷ್ಟು ಜನ, ಕೈಯಲ್ಲೇನೋ ಕಟ್ಟಿದಾರಲ್ಲ, ಸಿಕ್ಕಿಹಾಕಿಕೊಂಡೇವು ಎಂದು ಹೆದರಿದ್ದೆವು ಎಂದರು. ಮಿಕ್ಕವರ ಉತ್ತರ ಒಂದೊಂದು ಥರ. ಮದ್ದೂರಿನ ಬೇಕರಿಯವನೊಬ್ಬ, “ಅಲ್ಲಿ ಒಂದೇ ಒಂದು ಪೇಪರ್ ಬಿದ್ದಿರ್ಲಿಲ್ಲ ಮೇಡಂ. ನಾನೇ ಫಸ್ಟ್ ಹಾಕೋದು ಹೆಂಗೆ? ಕೈ ಬರ್ಲಿಲ್ಲ,” ಎಂದ. ಶಿಕ್ಷಕಿಯೊಬ್ಬಳು ಜೊತೆಯಲ್ಲಿ ಮಗಳಿದ್ದಳು ಎಂದಳು. ಇಂಜಿನಿಯರಿಂಗ್ ಓದುವ ಹುಡುಗ, “ನೀರುನಾಯಿ ಆಡೋದು ಕಾಣಿಸ್ತು. ನೋಡ್ತಾ ನಿಂತ್ಬಿಟ್ವಿ. ಬಾಟ್ಲು ಕೈಯಲ್ಲೇ ಇತ್ತು, ಎಸೆಯೋದೇ ಮರ್ತೋಯ್ತು,” ಎಂದು ನಕ್ಕ. ಒಬ್ಬಾಕೆ ತಾನು ಯಾವತ್ತೂ ಎಲ್ಲೂ ಎಸೆಯುವುದಿಲ್ಲವೆಂದೂ, ಇಂಥದ್ದನ್ನು ಕೇಳಲು ಫೋನು ಮಾಡಬಾರದೆಂದೂ ಖಾರವಾಗಿ ಹೇಳಿದಳು. ಬಹಳ ಜನ ಏನೋ ಗೊತ್ತಿಲ್ಲ, ಅಲ್ಲಿ ಎಸೆಯಬೇಕು ಅನ್ನಿಸಲಿಲ್ಲ ಎಂದರು.

ಬೆಳ್ಳಿಯಪ್ಪ ಆ ಉತ್ತರಗಳನ್ನು ಒಂದೂ ಬಿಡದೆ ಓದಿದರು. ಕೆಂಪರಾಜುವಿನ ಜೊತೆ ಗೇಟಿನಾಚೆಯ ರಸ್ತೆಯಲ್ಲಿ ಮೂರು ಕಿಲೋಮೀಟರು ನಡೆದೂ ಬಂದರು. ಬಂದವರ ಬೂಟು ಧೂಳಾಗಿತ್ತು.

“ಒಂದು ತಿಂಗಳು ಕೊಡ್ತೇನೆ. ಪಟ್ಟಿ ಇಲ್ಲ. ಜಾಗ ಸ್ವಚ್ಛ ಇದ್ದರೆ ಸ್ವಚ್ಛವಾಗೇ ಇರುತ್ತೆ ಅಂತ ನಿಮ್ಮ ಲೆಕ್ಕ ಹೇಳ್ತದೆ. ಹಾಗಾದ್ರೆ ಮೊದಲನೇದು ಬಿದ್ದ ಕೂಡಲೇ ಎತ್ತಬೇಕು, ಎರಡನೇದು ಬೀಳೋ ಮೊದಲು. ಕ್ಯಾಮೆರಾ ಅದಕ್ಕೆ ಬಳಸಿ, ಜನರನ್ನ ಹಿಡಿಯೋಕಲ್ಲ. ಎತ್ತೋಕೆ ಆರು ಜನ ಕೊಡ್ತೇನೆ. ತಿಂಗಳ ಕೊನೆಗೆ ನೋಡೋಣ. ಶಿಫಾರಸು ಅಲ್ಲೀವರೆಗೂ ಇಲ್ಲೇ ಇರಲಿ.”

ಗೇಟಿನ ಫಲಕ ಇಳಿಯಿತು. ಅದೇ ವಾರದ ಬುಧವಾರ, ಬಿಸಿಲೇರುವ ಮೊದಲು, ಚಿಕ್ಕತಾಯಮ್ಮ ಮಗಳ ಜೊತೆ ಬಂದಳು. ಬೆಳ್ಳಿಯಪ್ಪ ತಾವೇ ಹೊಳೆಹುಂಡಿಗೆ ಹೋಗಿ ಕರೆದುಬಂದಿದ್ದರು. ಅನಸೂಯ ದೂರದಲ್ಲೇ ನಿಂತಳು. ಮುದುಕಿ ನೀರಿಗಿಳಿದು ಉಳಿದ ಬೂದಿಯನ್ನು ಹಿಡಿಹಿಡಿಯಾಗಿ ಬಿಟ್ಟಳು. ಅವಸರವಿಲ್ಲದೆ, ಗಂಡನೊಡನೆ ಏನೋ ಸಣ್ಣಗೆ ಮಾತಾಡುತ್ತ. ಕೊನೆಯಲ್ಲಿ ಎಲೆಯ ಮೇಲೆ ತಂದಿದ್ದ ಅನ್ನ ಮೀನುಸಾರನ್ನು ಬಂಡೆಯ ಮೇಲಿಟ್ಟು ಕೈಮುಗಿದಳು. ಅವರು ದಡ ಹತ್ತುವಷ್ಟರಲ್ಲಿ ಎರಡು ಕಾಗೆ ಬಂದಿದ್ದವು. ಎಲೆ ಖಾಲಿಯಾದ ಮೇಲೆ ಭಾಗ್ಯ ಹಿಂದಕ್ಕೆ ಹೋಗಿ ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಹಾಗೆ ಮಾಡಲು ಅವಳಿಗೆ ಯಾರೂ ಹೇಳಿರಲಿಲ್ಲ.

ಪಟ್ಟಿಯಿಲ್ಲದ ಮೊದಲ ಭಾನುವಾರ ನಾಲ್ಕು ಸಾವಿರದ ಇನ್ನೂರು ಜನ ಬಂದರು. ಮಧ್ಯಾಹ್ನ ಮೂರು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಅನಸೂಯ, ಬೆಳ್ಳಿಯಪ್ಪ, ಕೆಂಪರಾಜು ಮೂವರೂ ಪರದೆ ನೋಡುತ್ತಿದ್ದರು. ಬೆಳಗಿನಿಂದ ನೂರ ಹದಿನೆಂಟು ವಸ್ತುಗಳು ಬಿದ್ದಿದ್ದವು. ಆರು ಜನ ಓಡಾಡಿ ಎತ್ತುತ್ತಿದ್ದರೂ ಕೆಳಗಿನ ಮರಳದಿಣ್ಣೆಯಲ್ಲಿ ದೊಡ್ಡ ಗುಂಪೊಂದು ಊಟ ಮಾಡಿ ಎದ್ದುಹೋದ ಜಾಗದಲ್ಲಿ ತಟ್ಟೆ, ಲೋಟಗಳು ಹಾಗೇ ಉಳಿದಿದ್ದವು. ಅದರ ಪಕ್ಕಕ್ಕೆ ಬಂದು ಕೂತ ಇನ್ನೊಂದು ಕುಟುಂಬದವರು ಬಾಳೆಹಣ್ಣಿನ ಸಿಪ್ಪೆಯನ್ನು ಆ ರಾಶಿಗೇ ಎಸೆದರು. ನೂರ ಹತ್ತೊಂಬತ್ತು. ಅನಸೂಯ ಉಗುರು ಕಚ್ಚಿಕೊಂಡಳು.

“ಎತ್ತೋರು ಎಲ್ಲಿ?” ಎಂದರು ಬೆಳ್ಳಿಯಪ್ಪ.

“ಆರೂ ಜನ ಮೇಲ್ಗಡೆ ಕವಲಲ್ಲವ್ರೆ ಸಾರ್. ಬರಕ್ಕೆ ಇಪ್ಪತ್ತು ನಿಮಿಷ ಬೇಕು.”

“ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತಾಗ್ತದೆ. ಚೀಲ ಇದೆಯಾ ಇಲ್ಲಿ?”

ಕೆಂಪರಾಜು ಮೂಲೆಯಿಂದ ಗೋಣಿಚೀಲ ತಂದುಕೊಟ್ಟ. ಬೆಳ್ಳಿಯಪ್ಪ ಸಮವಸ್ತ್ರದ ತೋಳು ಮಡಿಚಿ ಹೊರಟರು. ಅನಸೂಯ ಟಿಪ್ಪಣಿ ಪುಸ್ತಕ ಹಿಡಿದು ಹಿಂದೆ ನಡೆದಳು.

ಮರಳದಿಣ್ಣೆಗೆ ಹೋದ ಬೆಳ್ಳಿಯಪ್ಪ ಯಾರನ್ನೂ ಗದರಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಬಗ್ಗಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದರು. ಐವತ್ತೆಂಟರ ವಯಸ್ಸು, ಬಗ್ಗಿದಾಗಲೆಲ್ಲ ಸೊಂಟಕ್ಕೆ ಕೈ ಹೋಗುತ್ತಿತ್ತು. ಪಕ್ಕದ ಕುಟುಂಬದವರು ತಿರುಗಿ ನೋಡಿದರು. ಹಳದಿ ಸೀರೆಯ ಹೆಂಗಸೊಬ್ಬಳು ಗಂಡನಿಗೆ ಏನೋ ಅಂದಳು. ಗಂಡ ಮೊದಲು ಹೊಳೆಯ ಕಡೆ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ, ಆಮೇಲೆ ಎದ್ದು ಬಂದು ಬಾಳೆಹಣ್ಣಿನ ಸಿಪ್ಪೆ ಎತ್ತಿಕೊಂಡ. ಸಿಪ್ಪೆಗೆ ನಿಲ್ಲಲಿಲ್ಲ. ಅಪರಿಚಿತರು ಬಿಟ್ಟುಹೋದ ಲೋಟಗಳನ್ನೂ ಒಂದರೊ‌ಳಗೊಂದು ಸೇರಿಸುತ್ತ ಬಂದ.

“ಕೊಡಿ ಸಾರ್, ಚೀಲ ನಾನು ಹಿಡ್ಕೋತೀನಿ,” ಎಂದ ಅವನು ಬೆಳ್ಳಿಯಪ್ಪನವರಿಗೆ.

ಅನಸೂಯ ಅವನ ಬಳಿ ಹೋದಳು. ಒಂಬತ್ತು ವರ್ಷ ಅವಳು ಹುಡುಕಿದ್ದ ಗಳಿಗೆ ಎದುರಿಗೇ ನಡೆಯುತ್ತಿತ್ತು. ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಯಾಕೆ ಎದ್ದು ಬಂದಿರಿ ಎಂದು ಕೇಳಬೇಕೆಂದುಕೊಂಡಳು. ಅವನು ತಲೆಯೆತ್ತಿ ನೋಡಿದ. ಅವನ ಮುಖ ಸ್ವಲ್ಪ ಕೆಂಪಾಗಿತ್ತು. ಬಿಸಿಲಿಗೋ, ನಾಚಿಕೆಗೋ, ಬಗ್ಗಿ ಎದ್ದದ್ದಕ್ಕೋ ಅವಳಿಗೆ ಹೇಳಲು ಬರುವಂತಿರಲಿಲ್ಲ.

“ಏನಾದ್ರೂ ಕೇಳ್ಬೇಕಿತ್ತಾ ಮೇಡಂ?”

“ಏನಿಲ್ಲ,” ಎಂದು ಅನಸೂಯ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡಳು. “ಆ ಕಡೆ ಕಲ್ಲಿನ ಸಂದಿಯಲ್ಲಿ ಎರಡು ಚಮಚ ಇದಾವೆ. ನನ್ನ ಕೈ ಚಿಕ್ಕದು, ನಾನು ತೆಗೀತೀನಿ.”